ಪೋಪ್ ಮೊದಲಿಗರು ಅಂತ ಎಲ್ರೂ ಒಪ್ತಾರೆ, ಮತ್ತೆ ಜಗಳ ಯಾತಕ್ಕೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಪುತ್ತೂರಲ್ಲಿ ಮಲಂಕರ ಕ್ಯಾಥೊಲಿಕರ ಚರ್ಚ್ ಇದೆ, ಪೂಜೆ ಎಲ್ಲ ಸುರಿಯಾನಿ ಕ್ರಮದ್ದು, ಆದ್ರೂ ಅವ್ರು ಪೋಪ್ ಕೆಳಗೆ ಬರ್ತಾರಂತೆ. ಗ್ರೀಸ್, ರಷ್ಯಾದ ಆರ್ಥೊಡಾಕ್ಸ್‌ನವ್ರೂ ಹೀಗೇ ತಮ್ಮ ಪದ್ಧತಿ ಇಟ್ಕೊಂಡು ಸೇರ್ಬಹುದಲ್ವಾ? 2025ರಲ್ಲಿ ಈಸ್ಟರ್ ಕೂಡ ಇಬ್ರಿಗೂ ಒಂದೇ ದಿನ ಬಂತು. ಇನ್ನೇನು ಅಡ್ಡಿ?
- ಓದುಗರು, ಪುತ್ತೂರು

ಉತ್ತರ: ನಮಸ್ಕಾರ. 'ಪದ್ಧತಿ ನಿಮ್ದೇ ಇರ್ಲಿ, ಪೋಪ್‌ನ ಒಪ್ಕೊಳ್ಳಿ' ಅನ್ನೋ ಈ ದಾರಿನೇ ಆರ್ಥೊಡಾಕ್ಸ್‌ನವ್ರಿಗೆ ತುಂಬಾ ನೋವು ಕೊಟ್ಟಿರೋದು. 1596ರ ಬ್ರೆಸ್ಟ್ ಒಪ್ಪಂದದಲ್ಲಿ ಈಗಿನ ಉಕ್ರೇನ್, ಬೆಲಾರುಸ್ ಕಡೆಯ ಹಲವು ಬಿಷಪ್‌ಗಳು ಹೀಗೇ ರೋಮ್ ಜೊತೆ ಸೇರಿದ್ರು, ಸೇರ್ದೆ ಉಳಿದವ್ರ ಜೊತೆ ಚರ್ಚು ಯಾರ್ದು ಆಸ್ತಿ ಯಾರ್ದು ಅಂತ ಶುರುವಾದ ಜಗಳ ಶತಮಾನಗಟ್ಟಲೆ ನಡೀತು, ಆಮೇಲೆ 1946ರಲ್ಲಿ ಸ್ಟಾಲಿನ್ ಸರ್ಕಾರ ಅಲ್ಲಿನ ಕ್ಯಾಥೊಲಿಕ್ ಬಿಷಪ್‌ಗಳನ್ನ ಜೈಲಿಗೆ ಹಾಕಿ ಜನರನ್ನ ಬಲವಂತವಾಗಿ ರಷ್ಯನ್ ಆರ್ಥೊಡಾಕ್ಸ್‌ಗೆ ಸೇರಿಸ್ತು. ಗಾಯ ಎರಡೂ ಕಡೆ ಇದೆ. 1993ರಲ್ಲಿ ಲೆಬನಾನಿನ ಬಲಮಂದ್‌ನಲ್ಲಿ ಇಬ್ಬರ ಜಂಟಿ ಆಯೋಗ ಕೂತು, ಈಗಾಗ್ಲೇ ಹಾಗೆ ಸೇರಿರೋ ಚರ್ಚುಗಳಿಗೆ ಇರೋ ಹಕ್ಕು ಇದೆ, ಆದ್ರೆ ಐಕ್ಯಕ್ಕೆ ಇನ್ಮುಂದೆ ಈ ದಾರಿ ಬೇಡ ಅಂತ ಒಪ್ಕೊಂಡ್ರು.

(ನಿಮ್ಮೂರಿನ ಮಲಂಕರ ಕ್ಯಾಥೊಲಿಕರು 1930ರಲ್ಲಿ ಮಾರ್ ಇವಾನಿಯೋಸ್ ಜೊತೆ ರೋಮ್‌ಗೆ ಸೇರಿದವ್ರ ಪರಂಪರೆ. ಕೇರಳದ ಆರ್ಥೊಡಾಕ್ಸ್‌ನವ್ರು ಗ್ರೀಕ್-ರಷ್ಯನ್ ಗುಂಪಿನವ್ರಲ್ಲ, 451ರ ಕಾಲ್ಸಿಡನ್ ಸಭೆಯನ್ನ ಒಪ್ಪದ ಬೇರೆ ಕುಟುಂಬ, ಅವ್ರ ಜೊತೆ ರೋಮ್ ಮಾತುಕತೆನೂ ಬೇರೆನೇ.)

ಈಗ ಅಸಲು ವಿಷ್ಯ. ರೋಮ್ ಪೀಠ ಮೊದಲನೇದು ಅನ್ನೋದ್ರಲ್ಲಿ ಜಗಳ ಇಲ್ಲ, ಅದೇ ಜಂಟಿ ಆಯೋಗದ 2007ರ ರವೆನ್ನಾ ದಾಖಲೆಯಲ್ಲಿ ಇಬ್ರೂ ಅದನ್ನ ಬರೆದೇ ಕೊಟ್ಟಿದ್ದಾರೆ (ರಷ್ಯಾದವ್ರು ಆ ಸಭೆಯಿಂದ ಎದ್ದು ಹೋಗಿದ್ರು, ಅದು ಬೇರೆ ಕಥೆ). ಮೊದಲಿಗ ಆದವ್ರು ಏನು ಮಾಡ್ಬಹುದು ಅನ್ನೋದೇ ಪ್ರಶ್ನೆ. 1870ರಲ್ಲಿ ಮೊದಲ ವ್ಯಾಟಿಕನ್ ಸಭೆ ಹೇಳಿದ್ದು, ಪೋಪ್‌ಗೆ ಲೋಕದ ಪ್ರತಿಯೊಂದು ಚರ್ಚಿನ ಮೇಲೂ ನೇರ ಅಧಿಕಾರ ಇದೆ, ಪೀಠದಿಂದ ವಿಶ್ವಾಸದ ವಿಷ್ಯದಲ್ಲಿ ಕೊಟ್ಟ ಅಂತಿಮ ತೀರ್ಪು ತಪ್ಪಾಗೋದಿಲ್ಲ, ಅದಕ್ಕೆ ಧರ್ಮಸಭೆಯ ಒಪ್ಪಿಗೆನೂ ಬೇಕಿಲ್ಲ ಅಂತ. ಮಂಗಳೂರಿಗೆ ಯಾರು ಬಿಷಪ್ ಅಂತ ರೋಮ್‌ನಲ್ಲಿ ತೀರ್ಮಾನ ಆಗೋದು ನಮಗೆ ಸಹಜ, ಆದ್ರೆ ಇಸ್ತಾಂಬುಲ್‌ನ (ಹಳೇ ಹೆಸರು ಕಾನ್‌ಸ್ಟಾಂಟಿನೋಪಲ್) ಪೇತ್ರಿಯಾರ್ಕ್, ಅಂದ್ರೆ ಮುಖ್ಯ ಬಿಷಪ್, ಬಾರ್ತೊಲೊಮ್ಯೂ ಆರ್ಥೊಡಾಕ್ಸ್‌ರಲ್ಲಿ ಗೌರವದಲ್ಲಿ ಮೊದಲಿಗರಾದ್ರೂ ಸೆರ್ಬಿಯಾಕ್ಕೆ ಒಬ್ಬ ಬಿಷಪ್‌ನ ನೇಮಿಸೋ ಹಾಗಿಲ್ಲ, ಅಲ್ಲಿನ ಸಿನಡ್ಡೇ (ಬಿಷಪ್‌ಗಳ ಸಭೆ) ಆರಿಸ್ಬೇಕು. ಮೊದಲ ಸಾವಿರ ವರ್ಷ ಪೋಪ್ ಪೂರ್ವದ ಚರ್ಚುಗಳ ಮೇಲೆ ಇಂಥ ಅಧಿಕಾರ ನಡೆಸಿರ್ಲಿಲ್ಲ ಅಂತ 2016ರ ಕಿಯೆಟಿ ದಾಖಲೆಯಲ್ಲಿ ಕ್ಯಾಥೊಲಿಕರೂ ಸೇರೇ ಹೇಳಿದ್ದಾರೆ. ನನಗೆ ಇದು ತುಂಬಾ ದೊಡ್ಡ ಮಾತು ಅನ್ಸುತ್ತೆ.

ಹಾಗಂತ ಆರ್ಥೊಡಾಕ್ಸ್ ಕಡೆ ಎಲ್ಲ ಸರಿ ಇದೆ ಅನ್ಬೇಡಿ. 2016ರ ಕ್ರೀಟ್ ಮಹಾಸಭೆಗೆ ರಷ್ಯಾ, ಬಲ್ಗೇರಿಯಾ, ಜಾರ್ಜಿಯಾ, ಅಂತಿಯೋಕ್ಯ ಬರ್ಲೇ ಇಲ್ಲ, 2018ರಲ್ಲಿ ಉಕ್ರೇನಿನ ಸ್ವತಂತ್ರ ಚರ್ಚಿನ ವಿಷ್ಯಕ್ಕೆ ಮಾಸ್ಕೋದ ಚರ್ಚು ಕಾನ್‌ಸ್ಟಾಂಟಿನೋಪಲ್ ಜೊತೆ ಸಂಬಂಧನೇ ಕಡ್ಕೊಂಡ್ತು, ಕೂರಿಸಿ ಮಾತಾಡಿಸೋಕೆ ಅಧಿಕಾರ ಇರೋರು ಯಾರೂ ಇರ್ಲಿಲ್ಲ. ಒಬ್ರ ಹತ್ರ ಮೊದಲಿಗ ಇದ್ದಾರೆ, ಸಭೆಯ ಮಾತಿಗೆ ಬಲ ಸಾಲ್ದು, ಇನ್ನೊಬ್ರ ಹತ್ರ ಸಭೆ ಇದೆ, ಸಭೆ ಕೂಡಿಸೋರಿಲ್ಲ. ಇಬ್ರಿಗೂ ಒಬ್ರಿಂದ ಒಬ್ರಿಗೆ ಕಲಿಯೋದು ಇದೆ ಅಂತ ನಾನು ಮನಸಾರೆ ನಂಬ್ತೀನಿ.

ಇನ್ನೊಂದು, ಮೇಲಿನವ್ರು ಸಹಿ ಹಾಕಿದ ಮಾತ್ರಕ್ಕೆ ಆಗೋದಿಲ್ಲ. 1439ರಲ್ಲಿ ಫ್ಲಾರೆನ್ಸ್‌ನಲ್ಲಿ ಎರಡೂ ಚರ್ಚು ಒಂದಾಗೋ ಒಪ್ಪಂದಕ್ಕೆ ಸಭೆ ಕೂಡಿತ್ತು, ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿನೇ ಕೂತಿದ್ದ, ತುರ್ಕರು ಬಾಗಿಲಿಗೆ ಬಂದಿದ್ರು, ಪಶ್ಚಿಮದ ಸೈನ್ಯ ಬೇಕಿತ್ತು, ಗ್ರೀಕ್ ಬಿಷಪ್‌ಗಳು ಬಹುತೇಕ ಎಲ್ರೂ ಸಹಿ ಹಾಕಿದ್ರು. ಎಫೆಸದ ಬಿಷಪ್ ಮಾರ್ಕ್ ಮಾತ್ರ ಹಾಕ್ಲಿಲ್ಲ. ಅದನ್ನ ಕೇಳಿ ಪೋಪ್ ನಾಲ್ಕನೇ ಯುಜೀನ್, ಹಾಗಾದ್ರೆ ನಾವು ಮಾಡಿದ್ದೆಲ್ಲ ವ್ಯರ್ಥ ಅಂದ್ರಂತೆ. ನಿಜಾನೂ ಹಾಗೇ ಆಯ್ತು, ಊರಿಗೆ ವಾಪಸ್ ಹೋದ್ಮೇಲೆ ಸಹಿ ಹಾಕಿದವ್ರಲ್ಲೇ ಹಲವರು ಹಿಂದೆ ಸರಿದ್ರು, ಮಾಸ್ಕೋದಲ್ಲಿ ಒಪ್ಪಂದ ಓದಿ ಹೇಳಿದ ಅಲ್ಲಿನ ಮೆಟ್ರೊಪೊಲಿಟನ್ (ಹಿರಿಯ ಬಿಷಪ್) ಇಸಿಡೋರ್‌ನ ರಾಜ ಸೆರೆಗೇ ಹಾಕಿದ. ಜನ 1204ನ್ನ ಮರೆತಿರ್ಲಿಲ್ಲ, ಆ ವರ್ಷ ಪಶ್ಚಿಮದ ಕ್ರುಸೇಡ್ ಸೈನಿಕರೇ ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿದ್ದು.

ಅದಕ್ಕೇ 1965ರ ಡಿಸೆಂಬರ್ 7ಕ್ಕೆ 1054ರಲ್ಲಿ ರೋಮ್, ಕಾನ್‌ಸ್ಟಾಂಟಿನೋಪಲ್ ಕಡೆಯವ್ರು ಒಬ್ರ ಮೇಲೊಬ್ರು ಹಾಕಿದ್ದ ಬಹಿಷ್ಕಾರಗಳನ್ನ ಇಬ್ರೂ ತೆಗೆದುಹಾಕಿದ್ದು ನನಗೆ ಬರೀ ಕಾಗದದ ಕೆಲಸ ಅನ್ಸೋದಿಲ್ಲ. ಅದರ ಹತ್ತನೇ ವರ್ಷಕ್ಕೆ, 1975ರಲ್ಲಿ, ಸಿಸ್ಟೀನ್ ಚಾಪೆಲ್‌ನಲ್ಲಿ ಪೋಪ್ ಆರನೇ ಪೌಲ್ ಎಲ್ಲರೆದುರು ಮಂಡಿಯೂರಿ, ಕಾನ್‌ಸ್ಟಾಂಟಿನೋಪಲ್‌ನಿಂದ ಬಂದಿದ್ದ ಮೆಟ್ರೊಪೊಲಿಟನ್ ಮೆಲಿಟನ್ ಅವರ ಪಾದಕ್ಕೆ ಮುತ್ತಿಟ್ರು. ಮೆಲಿಟನ್‌ಗೆ ಏನು ನಡೀತಿದೆ ಅಂತ ಗೊತ್ತಾಗೋ ಮೊದ್ಲೇ ಆಗೋಯ್ತು. ಇಂಥದ್ದು ಇನ್ನೂ ಆಗ್ಬೇಕು, ಊರೂರಲ್ಲಿ ಆಗ್ಬೇಕು.

ಪ್ರಶ್ನೆ: ವಿದೇಶದಲ್ಲಿರೋ ನನ್ನ ಮಗ ಕ್ಯಾಥೊಲಿಕ್, ಹತ್ರ ಇರೋದು ಗ್ರೀಕ್ ಆರ್ಥೊಡಾಕ್ಸ್ ಚರ್ಚ್ ಮಾತ್ರ. ಅಲ್ಲಿ ಪರಮಪ್ರಸಾದ ತಗೋಬಹುದಾ?
- ಓದುಗರು, ಮಂಗಳೂರು

ಉತ್ತರ: ಕ್ಯಾಥೊಲಿಕ್ ಗುರುಗಳು ಸಿಗದ ಕಡೆ, ನಿಜವಾದ ಅಗತ್ಯ ಇದ್ರೆ ತಗೋಬಹುದು ಅಂತ ನಮ್ಮ ಕಡೆಯ ಕಾನೂನು ಹೇಳುತ್ತೆ. ಆದ್ರೆ ಅವ್ರು ಸಾಮಾನ್ಯವಾಗಿ ಆರ್ಥೊಡಾಕ್ಸ್ ಅಲ್ಲದವ್ರಿಗೆ ಕೊಡೋದಿಲ್ಲ. ಮಗ ಪೂಜೆಗೆ ಹೋಗ್ಲಿ, ನಿಲ್ಲಲಿ, ಪ್ರಾರ್ಥನೆ ಮಾಡ್ಲಿ, ಮೊದ್ಲು ಅಲ್ಲಿನ ಪಾದ್ರಿ ಹತ್ರ ತಾನು ಕ್ಯಾಥೊಲಿಕ್ ಅಂತ ಹೇಳ್ಲಿ. ಬೇಡ ಅಂದ್ರೆ ಬೇಜಾರು ಮಾಡ್ಕೊಳ್ದೆ ಅವ್ರ ನಿಯಮಕ್ಕೆ ಬೆಲೆ ಕೊಡ್ಲಿ.