ಕಿಟ್ ವಿಮಾನದ (ಬಿಡಿಭಾಗ ತರಿಸಿ ನಾವೇ ಜೋಡಿಸುವ ವಿಮಾನ) ರೆಕ್ಕೆಗೆ ಬಲ ಕೊಡುವಾಗ ಬೋಲ್ಟ್ ತೂತು ತುಸು ಸಡಿಲವಾದರೆ ನಡೆಯುತ್ತದೆಯೇ?

ನಡೆಯುವುದಿಲ್ಲ. ನಮ್ಮ ಸಾಗರದ ಕಡೆ ಟಿಲ್ಲರ್ ಓಡಿಸಿದವರಿಗೆ ಇದು ಗೊತ್ತು: ಪಿನ್ ತೂತು ಒಮ್ಮೆ ಸಡಿಲವಾದರೆ, ಕೆಲಸ ಮಾಡಿದಷ್ಟೂ ಅಗಲವಾಗುತ್ತಾ ಹೋಗುತ್ತದೆ. ರೆಕ್ಕೆಯ ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಭಾರ ಹೊರುವ ತೊಲೆ, ಕೂಡ ಹಾಗೆಯೇ. ಒಂದು ತೂತು ಸಡಿಲವಾದರೆ ಅದರ ಪಾಲಿನ ಭಾರ ಪಕ್ಕದ ಬಿಗಿ ಬೋಲ್ಟ್‌ಗಳ ಮೇಲೆ ಬೀಳುತ್ತದೆ. ಅಲ್ಯೂಮಿನಿಯಂ ಮೆತ್ತಗಿನ ಲೋಹ ಅಲ್ವಾ, ಬೇಗ ಸವೆಯುತ್ತದೆ.

ಎಎನ್3 ಎಂಬ ವಿಮಾನದ ಬೋಲ್ಟ್ ದಪ್ಪ ಸುಮಾರು 4.76 ಮಿ.ಮೀ. ಅಂಗಡಿಯಲ್ಲಿ ಸಿಗುತ್ತದೆಂದು 5 ಮಿ.ಮೀ. ಡ್ರಿಲ್ ಹಾಕಿದರೆ ಜಾಸ್ತಿಯಾಯಿತು. ಮೊದಲು ಚಿಕ್ಕದಾಗಿ ಕೊರೆಯಿರಿ, ಕೊನೆಗೆ ರೀಮರ್‌ನಿಂದ (ತೂತನ್ನು ನಯವಾಗಿ ತುಸುವೇ ಹಿಗ್ಗಿಸುವ ಉಪಕರಣ) ಅಳತೆಗೆ ತನ್ನಿ. ಬೋಲ್ಟ್ ಕೈಯಲ್ಲಿ ಒತ್ತಿದಾಗ ಬಿಗಿಯಾಗಿ ಜಾರಬೇಕು, ಅಲುಗಾಡಬಾರದು.

ತೂತು ಆಗಲೇ ಕೆಟ್ಟಿದೆಯೇ? ಒಂದು ಸೈಜ್ ದೊಡ್ಡ ಬೋಲ್ಟ್ ಹಾಕಬಹುದು, ಆದರೆ ತೂತಿನಿಂದ ಅಂಚಿಗೆ ಸಾಕಷ್ಟು ಲೋಹ ಉಳಿಯಬೇಕು. ದಯವಿಟ್ಟು ಕಿಟ್ ತಯಾರಕರನ್ನು ಕೇಳದೆ ಮುಟ್ಟಬೇಡಿ.