ದುಡ್ಡು ಕೊಟ್ಟು ಸಾಕ್ಷ್ಯಚಿತ್ರ ನೋಡೋಕೆ ಜನ ಬರ್ತಾರಾ?

ನಿಮ್ಮೂರಿನ ಚಿಕ್ಕ ಸಭಾಂಗಣದಲ್ಲಿ ವಾರಕ್ಕೊಂದು ಸಾಕ್ಷ್ಯಚಿತ್ರ ತೋರಿಸಬೇಕೆಂದಿದ್ದೀರಿ. ಎಲ್ಲವೂ ಮೊಬೈಲ್‌ನಲ್ಲೇ ಸಿಗುವಾಗ ಟಿಕೆಟ್ ತಗೊಂಡು ಯಾರು ಬರುತ್ತಾರೆ ಅಂತ ಕೇಳಿದ್ದೀರಿ. ಬರುತ್ತಾರೆ. ಹಾಗೆ ಹೋಗುತ್ತಿದ್ದವರಲ್ಲಿ ನಾನೂ ಒಬ್ಬ.

ಕೆಲಸದ ಮೇಲೆ ನ್ಯೂಯಾರ್ಕ್‌ನಲ್ಲಿದ್ದಾಗ ಮಂಗಳವಾರ ಸಂಜೆ ಐಎಫ್‌ಸಿ ಸೆಂಟರ್ ಅನ್ನುವ ಥಿಯೇಟರ್‌ಗೆ ಹೋಗುವುದು ನನಗೆ ರೂಢಿಯಾಗಿತ್ತು. ಅದು ಗ್ರೀನಿಚ್ ವಿಲೇಜ್‌ನಲ್ಲಿದೆ. ಮೊದಲು ವೇವರ್ಲಿ ಅನ್ನುವ ಹಳೇ ಟಾಕೀಸ್ ಆಗಿತ್ತು, 1937ರದ್ದು. 2001ರಲ್ಲಿ ಬಾಗಿಲು ಹಾಕಿ, 2005ರಲ್ಲಿ ಹೊಸ ಹೆಸರಲ್ಲಿ ತೆರೆಯಿತು. ಅದೇ ವರ್ಷ ಟಾಮ್ ಪವರ್ಸ್ ಮತ್ತು ಅವರ ಹೆಂಡತಿ ರಫೇಲಾ ನೈಹೌಸೆನ್ ಅಲ್ಲಿ 'ಸ್ಟ್ರೇಂಜರ್ ದ್ಯಾನ್ ಫಿಕ್ಷನ್' ಅಂತ ಸಾಕ್ಷ್ಯಚಿತ್ರಗಳ ಸರಣಿ ಶುರು ಮಾಡಿದರು. ಹೊಸದರ ಜೊತೆ ಹಳೆಯವನ್ನೂ ತೋರಿಸುತ್ತಿದ್ದರು. ಚಿತ್ರ ಮುಗಿದ ಮೇಲೆ ಅದನ್ನು ಮಾಡಿದವರೇ ಮುಂದೆ ಬಂದು ಮಾತಾಡುತ್ತಿದ್ದರು.

ನನ್ನನ್ನು ಹಿಡಿದಿಟ್ಟದ್ದು ಆ ಮಾತು. ಒಂದು ಸಲ ಹೈನುಗಾರಿಕೆ ಬಿಡಬೇಕಾಗಿ ಬಂದ ಒಂದು ಮನೆಯವರ ಕಥೆ. ಮೊಬೈಲ್‌ನಲ್ಲಿ ಕಂಡಿದ್ದರೆ ನಾನು ಅದನ್ನು ಒತ್ತುತ್ತಲೇ ಇರಲಿಲ್ಲ. ಚಿತ್ರವನ್ನು ಆ ಮನೆಯವರಿಗೆ ತೋರಿಸಿದಿರಾ ಎಂದು ಹಿಂದಿನ ಸಾಲಿನ ಹೆಂಗಸೊಬ್ಬರು ಕೇಳಿದರು. ನಿರ್ದೇಶಕಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೊದಲು ತೋರಿಸಿದ್ದೇ ಅವರಿಗೆ, ಅವರ ಅಡುಗೆಮನೆಯಲ್ಲಿ ಕೂತು ಎಂದರು. ಮನೆಯ ಯಜಮಾನ ಒಂದು ದೃಶ್ಯ ಬೇಡ ಅಂದರಂತೆ, ಇವರು ತೆಗೆದುಹಾಕಿದರಂತೆ. ಯಾವ ದೃಶ್ಯ ಎಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅವತ್ತು ರೈಲಿನಲ್ಲಿ ಮನೆ ಮುಟ್ಟುವವರೆಗೂ ನಾನು ಆ ಕಾಣದ ದೃಶ್ಯದ ಬಗ್ಗೆಯೇ ಯೋಚಿಸುತ್ತಿದ್ದೆ.

ನಮ್ಮಲ್ಲಿ ಸಾಕ್ಷ್ಯಚಿತ್ರ ಅಂದರೆ ಜನರಿಗೆ ಇನ್ನೂ ಬೇಸರ, ಅದಕ್ಕೆ ಕಾರಣವಿದೆ. ಸರ್ಕಾರದ ಫಿಲ್ಮ್ಸ್ ಡಿವಿಜನ್ ಮಾಡುತ್ತಿದ್ದ ಚಿತ್ರಗಳನ್ನು ಸಿನಿಮಾಕ್ಕೆ ಮೊದಲು ಕಡ್ಡಾಯವಾಗಿ ಹಾಕುತ್ತಿದ್ದ ಕಾಲ ನಿಮಗೂ ನೆನಪಿರಬಹುದು. ನಮ್ಮೂರ ಟಾಕೀಸಿನಲ್ಲಿ ಅದು ಮುಗಿಯುವವರೆಗೆ ಗಂಡಸರೆಲ್ಲ ಹೊರಗೆ ಬೀಡಿ ಸೇದುತ್ತ ನಿಂತಿರುತ್ತಿದ್ದರು. ಅವುಗಳಲ್ಲಿ ಒಳ್ಳೆಯವೂ ಇದ್ದವು. ಆದರೆ ಒತ್ತಾಯಕ್ಕೆ ನೋಡಿಸಿದರೆ ಯಾರು ನೋಡುತ್ತಾರೆ, ಅಲ್ವಾ?

ಅದಕ್ಕೇ ಹೇಳುತ್ತೇನೆ, ಇಂಥ ವಿಷಯ ಜನರಿಗೆ ತಿಳಿಯಲೇಬೇಕು ಅಂತ ಚಿತ್ರ ಆರಿಸಬೇಡಿ. ನಿಮಗೆ ನಿಜವಾಗಿ ಇಷ್ಟವಾದದ್ದನ್ನೇ ಹಾಕಿ. ಮಾಡಿದವರ ಅನುಮತಿ ಕೇಳುವಾಗಲೇ ಬರಲು ಆಗುತ್ತದಾ ಎಂದೂ ಕೇಳಿ. ಬರಲಾಗದಿದ್ದರೆ ವಿಡಿಯೋ ಕರೆಯಲ್ಲಾದರೂ ಅರ್ಧ ಗಂಟೆ ಸಿಗುವಂತೆ ನೋಡಿಕೊಳ್ಳಿ. ಬಿಡಿ ಟಿಕೆಟ್ ಜೊತೆಗೆ ಎಂಟು ವಾರಕ್ಕೂ ಸೇರಿ ಒಂದು ಪಾಸ್ ಮಾಡಿ. ಪಾಸ್ ಇದ್ದವರು ವಿಷಯ ನೋಡಿ ಬರುವುದಿಲ್ಲ, ವಾರ ನೋಡಿ ಬರುತ್ತಾರೆ. ನಾನು ಆ ಹೈನುಗಾರಿಕೆಯ ಚಿತ್ರ ನೋಡಿದ್ದೂ ಹಾಗೇ, ಪಾಸ್ ಇತ್ತು ಅಂತ.

ದಿನ ಮಾತ್ರ ಬದಲಿಸಬೇಡಿ. ಮೊದಮೊದಲು ಹತ್ತೇ ಜನ ಬರಬಹುದು, ಆಗ ಭಾನುವಾರ ಮಾಡೋಣ ಅಂತ ಯಾರಾದರೂ ಹೇಳುತ್ತಾರೆ. ಕೇಳಬೇಡಿ. ಟಾಮ್ ಪವರ್ಸ್ ದಂಪತಿ 2010ರಲ್ಲಿ ಅದೇ ಥಿಯೇಟರ್‌ನಿಂದ ಡಾಕ್ ಎನ್‌ವೈಸಿ ಅನ್ನುವ ಉತ್ಸವವನ್ನೂ ಶುರು ಮಾಡಿದರು. ಈಗ ಅದು ಅಮೆರಿಕದ ದೊಡ್ಡ ಸಾಕ್ಷ್ಯಚಿತ್ರ ಉತ್ಸವಗಳಲ್ಲಿ ಒಂದು. ಅಷ್ಟು ಹೊತ್ತಿಗೆ ಅವರು ಐದು ವರ್ಷ ಮಂಗಳವಾರಗಳನ್ನು ನಡೆಸಿದ್ದರು.

ನಿಮ್ಮದು ಯಾವ ಊರು ಅಂತ ಬರೆಯಿರಿ. ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿಯಾದರೆ ಮೊದಲನೇ ಪಾಸ್ ನನಗಿರಲಿ.