ಕಡಲಿನ ಎಣ್ಣೆ ತೆಗೆಯುವ ಕೆಲಸಕ್ಕೆ ಬರುವ ಮುಂಚೆ

ತಮ್ಮಾ, ಯುಎಇಯ ಫುಜೈರಾದಲ್ಲಿ ಕಡಲಿಗೆ ಚೆಲ್ಲಿದ ಎಣ್ಣೆ ತೆಗೆಯುವ ಕೆಲಸ ಸಿಕ್ಕಿದೆ, ರೂಮು ಊಟ ಹೇಗೆ, ಅದರ ವಾಸನೆಯಿಂದ ಕಾಯಿಲೆ ಬರುತ್ತದೆ ಅಂತಾರಲ್ಲ ನಿಜವಾ ಅಂತ ಕೇಳಿದ್ದೀಯ.

ಊಟದ ಚಿಂತೆ ಬೇಡ. ಕುಚ್ಚಲಕ್ಕಿ, ಬಂಗುಡೆ ಎರಡೂ ಸಿಗುತ್ತವೆ. ರೂಮಿಗೆ ನಮ್ಮ ಕಡೆಯವರು ಇದ್ದೇ ಇದ್ದಾರೆ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ದುಡಿಸುವಂತಿಲ್ಲ, ಇದು ಇಲ್ಲಿಯ ಕಾನೂನು.

ಕಾಯಿಲೆಯ ಮಾತು ನಿಜ. ನಾನು ಬಂದ ಹೊಸದರಲ್ಲಿ ನಮ್ಮ ರೂಮಿನಲ್ಲಿ ಭಟ್ಕಳದ ಕಡೆಯವರೊಬ್ಬರಿದ್ದರು. ದಡಕ್ಕೆ ಬಂದ ಎಣ್ಣೆ ಬಳಿದು ಚೀಲಕ್ಕೆ ತುಂಬುವ ಕೆಲಸ. ಸಂಜೆ ತಲೆನೋವು, ಕಣ್ಣುರಿ. ರಾತ್ರಿ ಮಲಗಿದರೆ ಎದೆ ಸುಯ್ ಸುಯ್ ಅನ್ನುತ್ತಿತ್ತು. ಕೊಟ್ಟಿದ್ದು ಬರೀ ಬಟ್ಟೆ ಮಾಸ್ಕ್. ಊರಿಗೆ ಹೋದ ಮೇಲೂ ಕೆಮ್ಮು ಬಿಡಲಿಲ್ಲ. ಅಲ್ಲಿಯ ಡಾಕ್ಟರು ಬೀಡಿ ಬಿಡಿ ಅಂದರಂತೆ. ಅವರು ಬೀಡಿ ಮುಟ್ಟಿದವರೇ ಅಲ್ಲ! ಎಣ್ಣೆ ಬಳಿದಿದ್ದಕ್ಕೆ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಪರಿಹಾರ ಅಂತ ಯಾರನ್ನು ಕೇಳುವುದು? ನೆನೆಸಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹೊಸದಾಗಿ ಚೆಲ್ಲಿದ ಕಚ್ಚಾ ಎಣ್ಣೆಯಿಂದ ಬೆಂಜೀನ್, ಟಾಲ್ಯೂಯೀನ್ ತರಹದ ಆವಿ ಮೊದಲ ಒಂದೆರಡು ದಿನ ಜಾಸ್ತಿ ಏಳುತ್ತದೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲದು. 2002ರಲ್ಲಿ ಸ್ಪೇನಿನ ಗಲೀಷಿಯಾ ತೀರದಾಚೆ ಪ್ರೆಸ್ಟೀಜ್ ಹಡಗು ಮುಳುಗಿದಾಗ ಎಣ್ಣೆ ಬಳಿದವರಲ್ಲಿ ಮೀನುಗಾರರು ತುಂಬಾ ಇದ್ದರು, ನಮ್ಮ ಮನೆಯವರಂಥವರೇ. ವರ್ಷ ಕಳೆದರೂ ಅವರಲ್ಲಿ ಕೆಮ್ಮು, ಉಬ್ಬಸ ಕಂಡಿತು. ಹೆಚ್ಚು ದಿನ ದುಡಿದವರಿಗೆ ಹೆಚ್ಚು. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆ ಸೋರಿದ ಮೇಲೆ ಅಮೆರಿಕದ ಸರ್ಕಾರಿ ಸಂಶೋಧಕರು ಸುಮಾರು 33,000 ಜನರ ಆರೋಗ್ಯವನ್ನು ಗಮನಿಸುತ್ತಾ ಬಂದರು. ಎಣ್ಣೆ ತೆಗೆದವರಲ್ಲಿ ಆಸ್ತಮಾದ ಲಕ್ಷಣ ಉಳಿದವರಿಗಿಂತ ಶೇ. 60ರಷ್ಟು ಜಾಸ್ತಿ ಕಂಡಿತು.

ಬಟ್ಟೆ ಮಾಸ್ಕ್ ಬಿಡು, ಎನ್95 ಕೂಡ ಆವಿಯನ್ನು ತಡೆಯುವುದಿಲ್ಲ. ಆವಿ ಹೀರುವ ಕಾರ್ಟ್ರಿಜ್ ಇರುವ ರಬ್ಬರ್ ಮಾಸ್ಕನ್ನೇ ಕೇಳು. ಗಡ್ಡ ಇದ್ದರೆ ಅದು ಮುಖಕ್ಕೆ ಸರಿಯಾಗಿ ಕೂರುವುದಿಲ್ಲ, ತೆಗಿ. ಮೈಗೆ ಹತ್ತಿದ್ದನ್ನು ಪೆಟ್ರೋಲಿನಲ್ಲಿ ಒರೆಸಬೇಡ, ಎಷ್ಟೋ ಜನ ಹಾಗೇ ಮಾಡ್ತಾರೆ. ಅಮ್ಮ ಕಟ್ಟಿಕೊಡುವ ತೆಂಗಿನೆಣ್ಣೆ ಹಚ್ಚಿ, ಆಮೇಲೆ ಸೋಪು ಹಾಕಿ ತೊಳಿ. ಎಣ್ಣೆ ಹತ್ತಿದ ಬಟ್ಟೆ ರೂಮಿಗೆ ತರಬೇಡ.

ಎಲ್ಲಕ್ಕಿಂತ ಮುಖ್ಯ, ಕಾಗದ. ವೀಸಾದ ಮೆಡಿಕಲ್ ಸಾಲದು. ಹೊರಡುವ ಮುಂಚೆ ಉಡುಪಿಯಲ್ಲೋ ಮಣಿಪಾಲದಲ್ಲೋ ಉಸಿರಿನ ಪರೀಕ್ಷೆ, ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟ್ ಮನೆಯಲ್ಲಿಡು. ಇಲ್ಲಿ ಯಾವ ದಿನ, ಯಾವ ದಡ, ಎಷ್ಟು ಗಂಟೆ, ಯಾವ ಮಾಸ್ಕ್ ಅಂತ ಬರೆದು ಫೋಟೋ ತೆಗೆದು ಅಣ್ಣನಿಗೆ ಕಳಿಸುತ್ತಿರು. ತಲೆಸುತ್ತು ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗು, ಎಣ್ಣೆ ಕೆಲಸ ಅಂತ ಅವರ ಕೈಯಲ್ಲಿ ಬರೆಸಿಕೋ. ಆಫರ್ ಲೆಟರಿನಲ್ಲಿ ಬರೀ ‘ಹೆಲ್ಪರ್’ ಅಂತಿದ್ದರೆ ಸಹಿ ಹಾಕಬೇಡ. ಮೊದಲು ನನಗೆ ಕಳಿಸು, ನೋಡಿ ಹೇಳುತ್ತೇನೆ.